ತಾಯಿಯ ಹೆಸರಿನಲ್ಲಿ ವಿದ್ಯಾರ್ಥಿವೇತನ

ಪ್ರಶ್ನೆ: ತಾಯಿಯವರ ಸ್ಮರಣಾರ್ಥ, ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಬಡ ಮಕ್ಕಳಿಗೆಂದು ಹತ್ತು ಲಕ್ಷ ರೂಪಾಯಿ ತೆಗೆದಿಟ್ಟಿದ್ದೇವೆ. ಹೇಗೆ ಕೊಡುವುದು ಸೂಕ್ತ?
— ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಅಸಲನ್ನು ಬ್ಯಾಂಕಿನಲ್ಲಿ ಠೇವಣಿ ಇಡಿ, ಶೇ. 6ರ ಬಡ್ಡಿ ಸಿಕ್ಕರೂ ವರ್ಷಕ್ಕೆ 60,000 ರೂಪಾಯಿ ಬರುತ್ತದೆ. ಅದನ್ನು ಹತ್ತಾರು ಮಂದಿಗೆ ಹಂಚುವುದಕ್ಕಿಂತ ಇಬ್ಬರನ್ನೇ ಆರಿಸಿ ಕೋರ್ಸ್ ಮುಗಿಯುವವರೆಗೂ ಕೊಡುವುದು ಮೇಲು, ಏಕೆಂದರೆ ಎಂಬಿಬಿಎಸ್ ಓದು ನಾಲ್ಕೂವರೆ ವರ್ಷದ್ದಾಗಿದ್ದು, ನೆರವು ನಡುವೆ ನಿಂತರೆ ಮನೆಯವರು ಕೈಸಾಲಕ್ಕೆ ಅಲೆಯಬೇಕಾಗುತ್ತದೆ. ಇಬ್ಬರಲ್ಲಿ ಒಬ್ಬರು ಬಿಎಸ್ಸಿ ನರ್ಸಿಂಗ್ ಓದುವವರಾಗಿರಲಿ ಎಂಬುದು ನನ್ನ ಕಳಕಳಿಯ ಮನವಿ. ದಾನಿಗಳು ಅವರನ್ನು ನೆನೆಯುವುದು ಕಡಿಮೆ. ಕಾಫಿ ತೋಟದ ಲೈನ್ ಮನೆಯಿಂದ ಬಂದ ಹುಡುಗಿಗೆ ಸರ್ಕಾರದ ವಿದ್ಯಾರ್ಥಿವೇತನ ಮಂಜೂರಾದರೂ, ಅದು ಖಾತೆಗೆ ಬೀಳುವ ಮೊದಲೇ ಮೆಸ್ ಬಿಲ್, ಸಮವಸ್ತ್ರ, ಬಸ್ ಚಾರ್ಜಿನ ಖರ್ಚು ಎದುರಾಗುತ್ತದೆ. ಆದ್ದರಿಂದ ಸಮಾರಂಭದಲ್ಲಿ ಚೆಕ್ ಕೊಡುವ ಬದಲು, ತಿಂಗಳು ತಿಂಗಳು ಆಕೆಯ ಖಾತೆಗೇ ನೇರವಾಗಿ ಹಾಕಿ.