ಮಗು ಮಲಗಿದ ನಲವತ್ತು ನಿಮಿಷ

ಜರ್ಮನಿಯ ಬ್ರೆಮೆನ್‌ಗೆ ಬಂದು ಮೂರು ತಿಂಗಳು, ಈಗ ಐದು ತಿಂಗಳ ಬಸುರಿ, "ಮಗು ಆದಮೇಲೆ ಕುಂಚ ಹಿಡಿಯೋಕೆ ಆಗುತ್ತಾ ಅಕ್ಕಾ?" ಅಂತ ಕೇಳಿದ್ದೀರಿ. ಆಗುತ್ತೆ. ಮೊದಲಿನ ಹಾಗೆ ಆಗಲ್ಲ, ಅಷ್ಟೇ.

ಬಂದ ವರ್ಷ ನನಗೆ ಕಾಟ ಕೊಟ್ಟಿದ್ದು ಬೆಳಕು. ಡಿಸೆಂಬರ್‌ನಲ್ಲಿ ಇಲ್ಲಿ ಬೆಳಗಾಗೋದೇ ಎಂಟೂವರೆಗೆ, ನಾಲ್ಕು ದಾಟಿದರೆ ಕತ್ತಲೆ. ಮೈಸೂರಿನ ಕಾವಾ ಕಲಾಶಾಲೆಯಲ್ಲಿ ಕಲಿತವಳು ನಾನು. ಹಗಲು ಸಾಲದೆ ಹೋಗುತ್ತೆ ಅಂತ ಯಾವತ್ತೂ ಅಂದುಕೊಂಡಿರಲಿಲ್ಲ. ಒಂದು ರಾತ್ರಿ ಬಲ್ಬಿನ ಕೆಳಗೆ ಚೆಂದದ ಅರಿಶಿನ ಬಣ್ಣ ಬೆರೆಸಿ ಮಲಗಿದೆ. ಬೆಳಗ್ಗೆ ಕಿಟಕಿ ಹತ್ತಿರ ಹಿಡಿದರೆ ಹಸಿರು ಹಸಿರು! ಆಮೇಲಿಂದ ಬಣ್ಣ ಹಗಲಿಗೆ, ಗೆರೆ ರಾತ್ರಿಗೆ.

ಮಗಳು ಹುಟ್ಟಿದಾಗ ಇದ್ದದ್ದು ಒಂದು ರೂಮಿನ ಮನೆ. ಟರ್ಪೆಂಟೈನ್ ವಾಸನೆ ಬೇಡ ಅಂತ ಎಣ್ಣೆ ಬಣ್ಣವನ್ನೆಲ್ಲ ನೆಲಮಾಳಿಗೆಗೆ ಸಾಗಿಸಿ ಜಲವರ್ಣ ಹಿಡಿದೆ. ಅವಳು ಮಲಗುತ್ತಿದ್ದದ್ದು ನಲವತ್ತು ನಿಮಿಷ. ಅತ್ತಳು ಅಂತ ಎದ್ದು ಹೋಗಿ ಎರಡು ದಿನ ಬಿಟ್ಟು ಬಂದರೂ, ತಟ್ಟೆಯಲ್ಲಿ ಒಣಗಿದ ಬಣ್ಣಕ್ಕೆ ಒಂದು ಹನಿ ನೀರು ಸಾಕು. ನಾಲ್ಕಡಿ ಕ್ಯಾನ್ವಾಸ್ ಹೋಗಿ ಅಂಗೈಯಗಲದ ಕಾಗದ ಬಂತು. ಅವಳ ಮುಷ್ಟಿ, ಹಾಲು ಕುಡಿದು ತೆರೆದೇ ಉಳಿದ ಬಾಯಿ, ಹೀಟರ್ ಮೇಲೆ ಒಣಗಲು ಹಾಕಿದ ಕುಲಾವಿ. ಊರಲ್ಲಿದ್ದಿದ್ದರೆ ಅಮ್ಮ ಮಗುವನ್ನು ಎತ್ತಿಕೊಳ್ಳುತ್ತಿದ್ದರು, ನಾನು ದೊಡ್ಡ ಕ್ಯಾನ್ವಾಸ್ ಮುಂದೆ ನಿಲ್ಲುತ್ತಿದ್ದೆ. ಆ ಕುಲಾವಿ ಕಣ್ಣಿಗೆ ಬೀಳುತ್ತಿತ್ತೋ ಇಲ್ಲವೋ. ಬಾಣಂತನಕ್ಕೆ ಅಮ್ಮನಿಗೆ ವೀಸಾ ಸಿಗಲಿಲ್ಲ ಅನ್ನೋ ಸಿಟ್ಟು ಮಾತ್ರ ಇನ್ನೂ ಇದೆ, ಬಿಡಿ.

ಇಲ್ಲಿ ಬ್ಯೋಟ್ಶರ್ ಸ್ಟ್ರಾಸೆ ಅನ್ನೋ ಬೀದಿಯಲ್ಲಿ ಚಿತ್ರಕಾರ್ತಿ ಪೌಲಾ ಮೋಡರ್‌ಸೋನ್-ಬೆಕರ್ ಮ್ಯೂಸಿಯಂ ಇದೆ, 1927ರಲ್ಲಿ ಶುರುವಾದದ್ದು. ಪೌಲಾ 1906ರಲ್ಲಿ ಗಂಡನನ್ನು ಬಿಟ್ಟು ಪ್ಯಾರಿಸ್‌ನಲ್ಲಿದ್ದಾಗ ತನ್ನನ್ನು ತಾನೇ ಬಸುರಿಯ ಹಾಗೆ ಬರೆದುಕೊಂಡಳು. ಹೊಟ್ಟೆಯ ಮೇಲೊಂದು ಕೈ, ಕೆಳಗೊಂದು ಕೈ. ಆಗ ಅವಳು ಬಸುರಿಯೇ ಅಲ್ಲ! ಆ ಚಿತ್ರದ ಮುಂದೆ ಜಾಸ್ತಿ ಹೊತ್ತು ನಿಂತಿದ್ದೇನೆ. ಮರುವರ್ಷ ನಿಜವಾಗಿ ಮಗಳು ಹುಟ್ಟಿದಳು, ಮೂರು ವಾರದೊಳಗೆ ಪೌಲಾ ತೀರಿಕೊಂಡಳು. 31 ವರ್ಷ. ಬಸುರಿಗೆ ಹೇಳೋ ಮಾತಲ್ಲ ಇದು, ಆದರೆ ಅಲ್ಲಿಗೆ ಹೋದರೆ ಹೇಗೂ ಗೊತ್ತಾಗುತ್ತೆ ಅಲ್ವಾ? ಈಗ ಹೆರಿಗೆ ಆದಮೇಲೆ ಸೂಲಗಿತ್ತಿ ಮನೆಗೇ ಬಂದು ನೋಡುತ್ತಾರೆ, ಸಾರ್ವಜನಿಕ ವಿಮೆ ಇದ್ದರೆ ಖರ್ಚು ಅದರದ್ದೇ. ಇಲ್ಲಿ 'ಹೆಬಾಮೆ' ಅಂತಾರೆ. ಈಗಲೇ ಗೊತ್ತುಮಾಡಿಕೊಳ್ಳಿ, ಕೊನೆಗೆ ಹುಡುಕಿದರೆ ಸಿಗೋದು ಕಷ್ಟ.

ಮ್ಯೂಸಿಯಂಗೆ ಹೋಗೋ ದಿನ ಹೇಳಿ, ನಾನೂ ಬರುತ್ತೇನೆ. ಮಗಳೂ ಬರುತ್ತಾಳೆ. ಏಳು ವರ್ಷ ಅವಳಿಗೆ, ನನ್ನ ಜಲವರ್ಣದ ಡಬ್ಬಿ ಈಗ ಅವಳ ಬ್ಯಾಗಿನಲ್ಲಿರುತ್ತೆ.