ಸ್ಪ್ಯಾನಿಷ್ ನನ್ನ ಭಾಷೆಯಲ್ಲ, ಆದರೂ ಪಿಎಚ್‌ಡಿ ಮಾಡಲೇ?

ಪ್ರಶ್ನೆ: ನಾನು ಪುತ್ತೂರು ಕಡೆಯವಳು. ಮನೆಮಾತು ತುಳು, ಓದಿದ್ದು ಕನ್ನಡ ಶಾಲೆ. ಈಗ ದೆಹಲಿಯ ಜೆಎನ್‌ಯುನಲ್ಲಿ ಸ್ಪ್ಯಾನಿಷ್ ಎಂ.ಎ. ಕೊನೆಯ ವರ್ಷ. ಅಮೆರಿಕಕ್ಕೆ ಹೋಗಿ ಲ್ಯಾಟಿನ್ ಅಮೆರಿಕದ ಸಾಹಿತ್ಯದಲ್ಲಿ ಪಿಎಚ್‌ಡಿ ಮಾಡುವಾಸೆ. ಹುಟ್ಟಿನಿಂದ ಸ್ಪ್ಯಾನಿಷ್ ಆಡುವವರ ಮುಂದೆ ಬಾಯಿ ತೆರೆಯಲು ಭಯ. ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸವೂ ಸಿಕ್ಕಿದೆ. ‘ಕಥೆ ಓದಿದರೆ ಹೊಟ್ಟೆ ತುಂಬುತ್ತದಾ?’ ಎನ್ನುತ್ತಾರೆ ಅಪ್ಪ. ಏನು ಮಾಡಲಿ?

ಉತ್ತರ: ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂದು ಅಳುಕುತ್ತಲೇ ಬರೆದಿದ್ದೀರಿ. ನಿಮ್ಮ ಬಂಡವಾಳ ಇರುವುದೇ ಅಲ್ಲಿ. ಪೆರುವಿನ ಕಾದಂಬರಿಕಾರ ಹೊಸೆ ಮರಿಯಾ ಅರ್ಗೇದಾಸ್ ಅವರನ್ನು ನೀವು ಓದಿರುತ್ತೀರಿ. ಅಲ್ಲಿನ ಮೂಲನಿವಾಸಿಗಳ ಭಾಷೆಯಾದ ಕೆಚುವಾ ಆಡುವ ಕೆಲಸದವರ ಮಡಿಲಲ್ಲಿ ಬೆಳೆದವರು ಅವರು. ಸ್ಪ್ಯಾನಿಷ್‌ನಲ್ಲಿ ಬರೆಯುವಾಗ ಅದರ ವಾಕ್ಯಕ್ಕೆ ಕೆಚುವಾದ ನಡಿಗೆ ತರಲು ಒದ್ದಾಡಿದರು. ಅಲ್ಲಿಗೆ ಸ್ಪ್ಯಾನಿಷ್ ಬಂದದ್ದು ದಂಡೆತ್ತಿ; ತುಳು–ಕನ್ನಡದ ನಂಟು ಹಾಗಲ್ಲ, ನಿಜ. ಆದರೂ ಅಡುಗೆಮನೆಗೊಂದು ಮಾತು, ತರಗತಿಗೊಂದು ಮಾತು ಎಂದರೇನೆಂದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಒಂದೇ ಭಾಷೆಯಲ್ಲಿ ಬೆಳೆದವರು ಅದನ್ನು ಪುಸ್ತಕದಿಂದ ಕಲಿಯಬೇಕು.

ಉಚ್ಚಾರದ ಚಿಂತೆ ಬಿಡಿ. ಮೆಕ್ಸಿಕೋದವರದು ಒಂದು ಬಗೆ, ಅರ್ಜೆಂಟೀನಾದವರದು ಇನ್ನೊಂದು. ಅಮೆರಿಕದಲ್ಲೇ ಹುಟ್ಟಿ ಮನೆಯಲ್ಲಷ್ಟೇ ಸ್ಪ್ಯಾನಿಷ್ ಕೇಳಿ ಬೆಳೆದ ಎಷ್ಟೋ ಮಕ್ಕಳಿಗೂ ನಿಮ್ಮದೇ ಅಳುಕು.

ಅಪ್ಪನ ಮಾತನ್ನು ಮಾತ್ರ ತಳ್ಳಿಹಾಕಬೇಡಿ. ಅಮೆರಿಕದ ಒಳ್ಳೆಯ ವಿಭಾಗಗಳು ಪಿಎಚ್‌ಡಿಯವರಿಗೆ ಫೀಸು ಮನ್ನಾ ಮಾಡಿ ಸ್ಟೈಪೆಂಡ್ ಕೊಡುತ್ತವೆ. ಪ್ರತಿಯಾಗಿ ಪದವಿ ಮಕ್ಕಳಿಗೆ ಸ್ಪ್ಯಾನಿಷ್ ಪಾಠ ಮಾಡಬೇಕು. ಆ ಸೌಲಭ್ಯವಿಲ್ಲದ ಸೀಟು ಬಂದರೆ ಸಾಲ ಮಾಡಿ ಹೋಗಬೇಡಿ. ಹೋದರೆ ಐದಾರು ವರ್ಷ. 2008ರ ಆರ್ಥಿಕ ಕುಸಿತದ ನಂತರ ಅಲ್ಲಿ ಕಾಯಂ ಪ್ರಾಧ್ಯಾಪಕ ಹುದ್ದೆಗಳು ಬಹಳ ಕಡಿಮೆಯಾಗಿವೆ. ಇದು ಗೊತ್ತಿದ್ದೇ ಹೊರಡಬೇಕು.

ಬೆಂಗಳೂರಿನ ಕೆಲಸಕ್ಕೆ ಸೇರಿಕೊಳ್ಳಿ ಎಂದೇ ನನ್ನ ಸಲಹೆ, ಒಂದೆರಡು ವರ್ಷದ ಮಟ್ಟಿಗೆ. ದೆಹಲಿ ಬಿಡುವ ಮೊದಲು ಅಲ್ಲಿನ ಇನ್‌ಸ್ತಿತುತೊ ಸೆರ್ವಾಂತೆಸ್‌ನಲ್ಲಿ (ಸ್ಪೇನ್ ಸರ್ಕಾರದ ಭಾಷಾ ಸಂಸ್ಥೆ) ಡೆಲೆ ಸಿ1 ಪರೀಕ್ಷೆ, ಅಂದರೆ ಸ್ಪ್ಯಾನಿಷ್ ಪ್ರೌಢಿಮೆಯ ಮೇಲ್ಮಟ್ಟದ ಪರೀಕ್ಷೆ, ಬರೆದುಬಿಡಿ. ಅರ್ಜಿಗಳ ಗಡುವು ಹೆಚ್ಚಾಗಿ ಡಿಸೆಂಬರ್–ಜನವರಿಗೆ ಮುಗಿಯುತ್ತದೆ, ತರಗತಿ ಶುರುವಾಗುವುದು ಆಗಸ್ಟ್‌ ಹೊತ್ತಿಗೆ. ಅರ್ಜಿಯ ಗಡುವಿನೊಳಗೆ ಸ್ಪ್ಯಾನಿಷ್‌ನಲ್ಲಿ ಒಂದೇ ಒಂದು ಪ್ರಬಂಧವನ್ನು ತಿದ್ದಿ ತಿದ್ದಿ ಗಟ್ಟಿ ಮಾಡಿ. ಆಯ್ಕೆ ಮಾಡುವವರು ನಿಮ್ಮನ್ನು ಅಳೆಯುವುದು ಬಹುಪಾಲು ಅದರಿಂದಲೇ.

ಮುಂದಿನ ರಜೆಗೆ ಊರಿಗೆ ಹೋದಾಗ ಅಪ್ಪನ ಜೊತೆ ಕೂತುಕೊಳ್ಳಿ. ಅರ್ಗೇದಾಸರ 1958ರ ಕಾದಂಬರಿಯ ಆರಂಭದಲ್ಲಿ ಹುಡುಗನೊಬ್ಬ ಅಪ್ಪನ ಜೊತೆ ಕುಸ್ಕೋ ನಗರಕ್ಕೆ ಬಂದು ಇಂಕಾಗಳು ಕಟ್ಟಿದ ಗೋಡೆಯನ್ನು ಮುಟ್ಟಿ ನೋಡುತ್ತಾನಲ್ಲ, ಕಲ್ಲುಗಳು ಹೊಳೆಯ ಹಾಗೆ ಅಲುಗುತ್ತಿವೆ ಅನ್ನಿಸುತ್ತದಲ್ಲ, ಆ ಭಾಗವನ್ನು ಅವರಿಗೆ ಹೇಳಿ. ತುಳುವಿನಲ್ಲೇ ಹೇಳಿ.