ತನ್ನ ಕಥೆಗೆ ತಾನೇ ಹೀರೋ ಆದ ಕ್ಸೆನೊಫೋನ್‌ನ ನಂಬೋದಾ?

ಪ್ರಶ್ನೆ: ಪರ್ಷಿಯಾದಿಂದ ವಾಪಸ್ ನಡ್ಕೊಂಡು ಬಂದ ಹತ್ತು ಸಾವಿರ ಗ್ರೀಕರ ಕಥೆ ಕೇಳಿ ಖುಷಿ ಆಯ್ತು, ಆದ್ರೆ ಕ್ಸೆನೊಫೋನ್ ತಾನೇ ಬರ್ದು ತಾನೇ ಹೀರೋ ಆಗಿದಾನಲ್ಲ, ಅದನ್ನ ಇತಿಹಾಸ ಅನ್ನೋದು ಹೇಗೆ? ಓದೋದಾದ್ರೆ ಎಲ್ಲಿಂದ ಶುರು ಮಾಡ್ಲಿ?

ಉತ್ತರ: ನಿಮ್ಮ ಅನುಮಾನ ಸರಿಯಾಗೇ ಇದೆ, ಆಸಾಮಿ ಸ್ವಲ್ಪ ಕಿಲಾಡಿನೇ. ಈ ನಡಿಗೆ ಬಗ್ಗೆ ಬರೆದ 'ಅನಾಬಸಿಸ್' ಪುಸ್ತಕದ ಪೂರ್ತಿ 'ಕ್ಸೆನೊಫೋನ್ ಎದ್ದು ನಿಂತು ಹೀಗಂದ' ಅಂತ ಬೇರೆ ಯಾರೋ ಬರ್ದಂಗೆ ಬರೀತಾನೆ, ಅದೂ ಸಾಲ್ದು ಅಂತ ತನ್ನ ಇನ್ನೊಂದು ಪುಸ್ತಕ ಹೆಲೆನಿಕಾದಲ್ಲಿ ಈ ಕಥೆನ ಸಿರಾಕ್ಯೂಸ್‌ನ ಥೆಮಿಸ್ಟೊಜೆನೀಸ್ ಅನ್ನೋನು ಬರ್ದಿದಾನೆ ಅಂತ ಬೇರೆ ಹೇಳ್ತಾನೆ! ತನ್ನ ಬೆನ್ನು ತಾನೇ ತಟ್ಕೊಂಡ್ರೆ ಯಾರೂ ನಂಬಲ್ಲ ಅಂತ ಹೀಗೆ ಮಾಡಿದಾನೆ ಅಂತ ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕ್ ಆಗ್ಲೇ ಹಿಡಿದಿದ್ದ.

ಆಗಿದ್ದಿಷ್ಟು. ಕ್ರಿ.ಪೂ. 401ರಲ್ಲಿ ಪರ್ಷಿಯಾದ ರಾಜಕುಮಾರ ಸೈರಸ್ ಅಣ್ಣನ ಸಿಂಹಾಸನ ಕಿತ್ಕೊಳೋಕೆ ಗ್ರೀಕ್ ಬಾಡಿಗೆ ಸೈನಿಕರನ್ನ ಕಟ್ಕೊಂಡು ಹೋದ, ಬ್ಯಾಬಿಲೋನ್ ಹತ್ರ ಕುನಾಕ್ಸಾದಲ್ಲಿ ಸತ್ತ, ಆಮೇಲೆ ಮಾತುಕತೆಗೆ ಅಂತ ಕರೆದು ಗ್ರೀಕ್ ಸೇನಾಪತಿಗಳನ್ನೂ ಪರ್ಷಿಯನ್ನರು ಮುಗಿಸಿಬಿಟ್ರು. ಗೆಳೆಯ ಪ್ರಾಕ್ಸೆನಸ್ ಕರೆದ ಅಂತ ಸುಮ್ನೆ ಜೊತೆಗೆ ಬಂದಿದ್ದ ನಮ್ಮ ಅಥೆನ್ಸಿನ ಹುಡುಗ ಕ್ಸೆನೊಫೋನ್, ಸಾಕ್ರಟೀಸ್‌ನ ಶಿಷ್ಯ, ಸತ್ತ ಗೆಳೆಯನ ಜಾಗಕ್ಕೆ ಸೇನಾಪತಿ ಆದ. ಆದ್ರೆ ಆಮೇಲಿನ ಗ್ರೀಕ್ ಇತಿಹಾಸಕಾರ ಡಯೊಡೊರಸ್ ಬರೆದಿರೋ ವಾಪಸಾತಿ ಕಥೆ ನೋಡಿ, ಅಲ್ಲಿ ಲೀಡರ್ ಸ್ಪಾರ್ಟಾದ ಚಿರಿಸೋಫಸ್, ನಡಿಗೆ ಮುಗಿಯೋವರೆಗೆ ಕ್ಸೆನೊಫೋನ್ ಹೆಸರೇ ಬರಲ್ಲ!

ಹಂಗಂತ ಪುಸ್ತಕ ಎತ್ತಿ ಎಸೀಬೇಡಿ. ಕಾಲಿಗೆ, ಹೊಟ್ಟೆಗೆ ಸಂಬಂಧಪಟ್ಟ ವಿಷಯ ಬಂದ್ರೆ ನಾನಂತೂ ಇವನನ್ನ ಕಣ್ಣುಮುಚ್ಚಿ ನಂಬ್ತೀನಿ. ಅರ್ಮೇನಿಯಾದ ಹಿಮದಲ್ಲಿ ಚಪ್ಪಲಿ ಬಿಚ್ಚದೆ ಮಲಗಿದವರ ಕಾಲೊಳಗೆ ಅದರ ಪಟ್ಟಿ ಹೂತ್ಕೊಂಡು ಹೋಯ್ತು, ಹಿಮದ ಬೆಳಕಿಗೆ ಕಣ್ಣು ಹೋಗಬಾರ್ದು ಅಂತ ಮುಂದೆ ಕಪ್ಪು ಏನಾದ್ರೂ ಹಿಡ್ಕೊಂಡು ನಡೀತಿದ್ರು, ಇದೆಲ್ಲ ಕೂತಲ್ಲೇ ಕಲ್ಪಿಸೋಕಾಗುತ್ತಾ? ಕಪ್ಪು ಸಮುದ್ರದ ದಡದ ಟ್ರೆಬಿಜಾಂಡ್ ಹತ್ರ ಜೇನುತುಪ್ಪ ತಿಂದವರು ವಾಂತಿ ಭೇದಿ ಆಗಿ ಕುಡಿದವರ ಥರ ಉರುಳಿ ಬಿದ್ರು, ಸಾಯಲಿಲ್ಲ, ಮೂರ್ನಾಲ್ಕು ದಿನಕ್ಕೆ ಎದ್ದು ಕೂತ್ರು. ಟರ್ಕಿಯ ಆ ಕಡೆ ಬೆಟ್ಟದಲ್ಲಿ ರೋಡೋಡೆಂಡ್ರಾನ್ ಹೂವಿನಿಂದ ಅಂಥ 'ಹುಚ್ಚು ಜೇನು' ಇವತ್ತಿಗೂ ಸಿಗುತ್ತೆ.

ಹೊಗಳಿಕೆ ಮಧ್ಯೆ ಮರ್ಯಾದೆ ಹೋಗಿದ್ದನ್ನೂ ಬರ್ಕೊಂಡಿದಾನೆ. ಗುಡ್ಡ ಹತ್ತೋವಾಗ ಕುದುರೆ ಮೇಲಿಂದ ಹುರಿದುಂಬಿಸ್ತಿದ್ರೆ ಸೊಟೆರಿಡಾಸ್ ಅನ್ನೋ ಸೈನಿಕ 'ನೀನು ಕುದುರೆ ಮೇಲೆ, ನಾನು ಗುರಾಣಿ ಹೊತ್ತು ಸಾಯ್ತಿದೀನಿ' ಅಂದ. ಇವನು ಇಳಿದು, ಅವನನ್ನ ಸಾಲಿಂದ ತಳ್ಳಿ, ಗುರಾಣಿ ತಾನೇ ಕಸ್ಕೊಂಡು ನಡೆದ. ಕೊನೆಗೆ ಗೆದ್ದಿದ್ದು ತಾನೇ ಅನ್ನಿ, ಉಳಿದ ಸೈನಿಕರು ಬೈದು ಹೊಡೆದು ಸೊಟೆರಿಡಾಸ್ ಕೈಗೇ ಗುರಾಣಿ ವಾಪಸ್ ಕೊಡಿಸಿದ್ರು!

ಹುಷಾರಾಗಿರ್ಬೇಕಾದ್ದು ಹೆಲೆನಿಕಾದಲ್ಲಿ. ಹಿಂದಿನ ಇತಿಹಾಸಕಾರ ಥುಸಿಡಿಡೀಸ್ ನಿಲ್ಲಿಸಿದ ಕ್ರಿ.ಪೂ. 411ರಿಂದ 362ರವರೆಗಿನ ಇತಿಹಾಸ ಅದು. ಅಥೆನ್ಸ್ ಗಡೀಪಾರು ಮಾಡಿದಾಗ ಒಲಿಂಪಿಯಾ ಹತ್ರ ಸ್ಕಿಲಸ್‌ನಲ್ಲಿ ಜಮೀನು ಕೊಟ್ಟು ಸಾಕಿದ್ದು ಸ್ಪಾರ್ಟಾ, ಆ ಉಪ್ಪಿನ ಋಣ ಪೆನ್ನಿಗೂ ಅಂಟಿದೆ. 371ರಲ್ಲಿ ಲ್ಯೂಕ್ಟ್ರಾದಲ್ಲಿ ಸ್ಪಾರ್ಟಾನ ಮಣ್ಣು ಮುಕ್ಕಿಸಿದ ಥೀಬ್ಸ್ ಸೇನಾಪತಿ ಎಪಮಿನೊಂಡಾಸ್ ಹೆಸರನ್ನೇ ಆ ಯುದ್ಧದ ವರ್ಣನೇಲಿ ಹೇಳಲ್ಲ. ಸುಳ್ಳು ಬರೆಯೋದಕ್ಕಿಂತ ಬಾಯಿ ಮುಚ್ಕೊಂಡಿರೋದ್ರಲ್ಲಿ ಇವನು ನಿಸ್ಸೀಮ.

ಅನಾಬಸಿಸ್‌ನ ಮೂರು, ನಾಲ್ಕನೇ ಭಾಗದಿಂದ ಶುರು ಮಾಡಿ, ಒಂದನೇದ್ರಲ್ಲಿ ದಿನಕ್ಕೆಷ್ಟು ಪರಸಾಂಗ್ (ಪರ್ಷಿಯನ್ನರ ದೂರದ ಅಳತೆ) ನಡೆದ್ರು ಅನ್ನೋ ಲೆಕ್ಕವೇ ಜಾಸ್ತಿ, ಬೋರ್ ಹೊಡೆಯುತ್ತೆ. ನಾಲ್ಕನೇದ್ರ ಕೊನೆ ಹತ್ರ ಬೆಟ್ಟದ ತುದೀಲಿ ಗಲಾಟೆ ಕೇಳುತ್ತೆ, ಶತ್ರು ಬಂದ್ರು ಅನ್ಕೊಂಡು ಕ್ಸೆನೊಫೋನ್ ಹಿಂದಿನಿಂದ ಕುದುರೆ ಓಡಿಸ್ಕೊಂಡು ಬರ್ತಾನೆ, ಹತ್ರ ಬಂದ್ಮೇಲೆ ಗೊತ್ತಾಗುತ್ತೆ ಅವರೆಲ್ಲ ಕೂಗ್ತಿರೋದು 'ಸಮುದ್ರ! ಸಮುದ್ರ!' ಅಂತ.